ಕೇಳುವವರ ಮುಖ ನೋಡಿ

(ಪ್ರವಾಸದಲ್ಲಿ ಸಿಗುವ ಸಂಗೀತದ ಬಗ್ಗೆ ಒಂದು ಸಂಜೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ನಾನು ಬೈಸಿಕೊಂಡ ಕಥೆ ಹೇಳಿಬಿಡುತ್ತೇನೆ. ಲಿಸ್ಬನ್ ನಗರದಲ್ಲಿ ಅಲ್ಫಾಮಾ ಅನ್ನುವ ಹಳೇ ಬಡಾವಣೆ ಇದೆ. ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು, ಅಷ್ಟು ಸಣ್ಣ ಓಣಿಗಳು. ಅಂಥ ಒಂದು ಓಣಿಯ ಕೊನೆಯಲ್ಲಿ ಹತ್ತು ಹನ್ನೆರಡು ಮೇಜಿನ ಪುಟ್ಟ ಹೋಟೆಲ್. ರಾತ್ರಿ ಹೊತ್ತು ಅಲ್ಲಿ ಫಾದೊ, ಅಂದರೆ ಪೋರ್ಚುಗಲ್ಲಿನ ಸಾಂಪ್ರದಾಯಿಕ ಹಾಡು, ಹಾಡುತ್ತಾರೆ ಅಂತ ಕೇಳಿ ನಾನೂ ನನ್ನ ಗೆಳತಿಯೂ ಹೋಗಿ ಕೂತೆವು.

ದೀಪ ಸಣ್ಣದಾಯಿತು. ಕಪ್ಪು ಶಾಲು ಹೊದ್ದ ಹೆಂಗಸೊಬ್ಬರು ಎದ್ದು ನಿಂತು ಹಾಡು ಶುರು ಮಾಡಿದರು. ನಾನು ಗೆಳತಿಯ ಕಡೆ ಬಾಗಿ, ತುಂಬಾ ಮೆಲ್ಲಗೆ ಅಂತ ನಾನಂದುಕೊಂಡ ದನಿಯಲ್ಲಿ, "ಆ ಗಿಟಾರಿಗೆ ಎಷ್ಟು ತಂತಿ ಇರಬಹುದು?" ಅಂತ ಕೇಳಿದೆ. ಪಕ್ಕದ ಮೇಜಿನ ಅಜ್ಜಿ ತಿರುಗಿ ನೋಡಿ ತುಟಿ ಮೇಲೆ ಬೆರಳಿಟ್ಟರು. ಆಗ ಸುತ್ತ ನೋಡಿದೆ. ಊಟ ಬಡಿಸಲು ಬಂದಿದ್ದ ಹುಡುಗ ಎರಡು ಕೈಯಲ್ಲಿ ಎರಡು ತಟ್ಟೆ ಹಿಡಿದು ನಿಂತಲ್ಲೇ ನಿಂತುಬಿಟ್ಟಿದ್ದ. ಬಿಸಿ ತಟ್ಟೆ, ಹಬೆ ಕಾಣುತ್ತಿತ್ತು. ಹಾಡು ಮುಗಿಯುವವರೆಗೂ ಅವನು ಹೆಜ್ಜೆ ಎತ್ತಿಡಲಿಲ್ಲ. ಆ ಕೋಣೆಯಲ್ಲಿ ಸದ್ದು ಮಾಡಿದವಳು ನಾನೊಬ್ಬಳೇ.

(ಅಂದಹಾಗೆ ಹನ್ನೆರಡು ತಂತಿ. ಎರಡೆರಡರ ಆರು ಜೋಡಿ. ಬೈಸಿಕೊಂಡ ಮೇಲೆ ತಿಳಿದುಕೊಂಡೆ.)

ನಾಚಿಕೆಯಾಯಿತು. ಹಾಡುವವರ ಮುಖ ನೋಡುವ ಧೈರ್ಯವಾಗಲಿಲ್ಲ. ಹಾಗಾಗಿ ಮುಂದಿನ ಹಾಡಿಗೆ ಅಜ್ಜಿಯ ಮುಖ ನೋಡುತ್ತಾ ಕೂತೆ. ಅವರು ಒಂದು ಜಾಗದಲ್ಲಿ ಕಣ್ಣು ಮುಚ್ಚಿದರು. ಹಾಡುವವರು ಸಾಲಿನ ಕೊನೆಯ ಪದಕ್ಕೆ ಬಂದು, ಅದನ್ನು ಹೇಳದೆ, ಹಾಗೇ ತಡೆದು ಹಿಡಿದ ಜಾಗ ಅದು. ಗಿಟಾರಿನವರು ಕೂಡ ಕೈ ಎತ್ತಿ ಕಾದರು. ಅಜ್ಜಿಯ ಹೆಗಲು ಒಂಚೂರು ಮೇಲೆ ಹೋಯಿತು. ಪದ ಬಿತ್ತು. ಹೆಗಲು ಇಳಿಯಿತು. ನನಗೆ ಪೋರ್ಚುಗೀಸ್ ಒಂದಕ್ಷರ ಬರುವುದಿಲ್ಲ. ಆದರೆ ಆ ಹಾಡಿನಲ್ಲಿ ಎಲ್ಲಿ ಕಿವಿ ಇಡಬೇಕು ಅನ್ನುವುದು ಅಜ್ಜಿಯ ಹೆಗಲು ನೋಡಿ ತಿಳಿಯಿತು.

ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಹೊರದೇಶದಲ್ಲಿ ಗೊತ್ತಿಲ್ಲದ ಸಂಗೀತ ಕಿವಿಗೆ ಬಿದ್ದಾಗ ಸುಮ್ನೆ ಒಂದು ಸಲ ಹಾಡುವವರಿಂದ ಕಣ್ಣು ತೆಗೆದು, ಕೇಳುತ್ತಾ ಕೂತವರನ್ನು ನೋಡಿ. ಹಾಡನ್ನು ಫೋನಿನಲ್ಲಿ ತುಂಬಿಕೊಂಡು ಬರಬಹುದು. ಅದನ್ನು ಅವರು ಹೇಗೆ ಕೇಳುತ್ತಾರೆ ಅನ್ನುವುದು ಅಲ್ಲೇ ಸಿಗಬೇಕು.

ಫೋನಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಕಿರಿಯ ಸ್ನೇಹಿತರು ಕೇಳುತ್ತಾರೆ, "ಹಾಡಿನ ಹೆಸರು ಗೊತ್ತಾಗಬೇಕು ಅಂದರೆ ಶಜಾಮ್ ಇದೆಯಲ್ಲ?" ಅಂತ. ಇದೆ. ನಾನೂ ಬಳಸುತ್ತೇನೆ. 2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾದಾಗ ಅದು ಆಪ್ ಆಗಿರಲಿಲ್ಲ. 2580 ಅಂತ ಡಯಲ್ ಮಾಡಿ ಫೋನನ್ನು ಸ್ಪೀಕರ್ ಕಡೆ ಹಿಡಿಯಬೇಕಿತ್ತು. ಆಮೇಲೆ ಹಾಡಿನ ಹೆಸರು ಎಸ್ಸೆಮ್ಮೆಸ್ಸಿನಲ್ಲಿ ಬರುತ್ತಿತ್ತು. ಹಳೇ ಫೋನಿನ ಗುಂಡಿಗಳನ್ನು ನೆನಪಿಸಿಕೊಳ್ಳಿ, ನಡುವಿನ ಸಾಲು ಮೇಲಿಂದ ಕೆಳಗೆ: ಎರಡು, ಐದು, ಎಂಟು, ಸೊನ್ನೆ. ಕತ್ತಲಲ್ಲೂ ಒತ್ತಬಹುದಿತ್ತು.

ಅದು ಕೆಲಸ ಮಾಡುವ ರೀತಿ ಹೀಗೆ. ಹಾಡಿನಲ್ಲಿ ಯಾವ ಗಳಿಗೆಗೆ ಯಾವ ಸ್ವರ ಜೋರಾಗಿದೆ ಅಂತ ಗುರುತು ಮಾಡಿಕೊಂಡು ಚುಕ್ಕಿಗಳ ಒಂದು ನಕ್ಷೆ ತಯಾರಿಸುತ್ತದೆ. ನಮ್ಮ ಬೆರಳಚ್ಚು ಇದ್ದ ಹಾಗೆ. ಅದನ್ನು ತನ್ನಲ್ಲಿರುವ ಲಕ್ಷಾಂತರ ಬೆರಳಚ್ಚುಗಳ ಜೊತೆ ತಾಳೆ ಹಾಕುತ್ತದೆ. ಅಂದರೆ ಅದು ಗುರುತು ಹಿಡಿಯುವುದು ಒಂದು ರೆಕಾರ್ಡಿಂಗನ್ನು. ಅದೇ ಗಾಯಕಿ ಅದೇ ಹಾಡನ್ನು ನಿಮ್ಮೆದುರು ನಿಂತು ಹಾಡಿದರೆ, ಚೂರು ನಿಧಾನವಾಗಿ, ಅರ್ಧ ಶ್ರುತಿ ಇಳಿಸಿ ಹಾಡಿದರೆ, ಹೆಚ್ಚಿನ ಸಲ ಅದು ಕೈ ಚೆಲ್ಲುತ್ತದೆ. ಅಲ್ಫಾಮಾದಲ್ಲಿ ಮಾರನೇ ದಿನ ಬೀದಿಯಲ್ಲಿ ಹಾಡುತ್ತಿದ್ದವರ ಮುಂದೆ ನಾನು ಫೋನ್ ಹಿಡಿದು ನಿಂತಿದ್ದೆ. ಮೂರು ಸಲ "ಸಿಗಲಿಲ್ಲ" ಅಂತ ಬಂತು. ನೋಡುತ್ತಿದ್ದ ಹೂವಿನವಳು ಹಾಡಿನ ಹೆಸರು ಹೇಳಿ, ಅದರ ಎರಡು ಸಾಲು ತಾನೇ ಹಾಡಿ ತೋರಿಸಿದಳು. ಅವಳ ದನಿಯೇ ಚೆನ್ನಾಗಿತ್ತು ಅನ್ನಿ.

ಫಾದೊ 2011ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅದಾದ ಮೇಲೆ ಹೋದವರಿಗೆ ಊರು ತುಂಬಾ ಬೋರ್ಡುಗಳು ಕಾಣುತ್ತವೆ. ಯಾವುದಕ್ಕೆ ಹೋಗೋದು? ನಾನು ಹೇಳುವುದು ಇಷ್ಟು: ಮೈಕ್ ಇಲ್ಲದ ಜಾಗಕ್ಕೆ ಹೋಗಿ. ಸಣ್ಣ ಫಾದೊ ಹೋಟೆಲುಗಳಲ್ಲಿ ಮೈಕ್ ಇರುವುದಿಲ್ಲ. ಅದಕ್ಕೇ ಆ ಮೌನ. ಹಾಡಿಗೆ ಮುಂಚೆ ಯಾರಾದರೂ ಎದ್ದು "ಸದ್ದು ಬೇಡ, ಫಾದೊ ಹಾಡುತ್ತಾರೆ" ಅಂತ ಹೇಳುವುದು ಅಲ್ಲಿನ ವಾಡಿಕೆ. ಅದನ್ನು ನಾನು ಭಕ್ತಿ ಅಂದುಕೊಂಡಿದ್ದೆ. ಭಕ್ತಿ ಇದೆ, ಜೊತೆಗೆ ಲೆಕ್ಕಾಚಾರವೂ ಇದೆ. ಬರೀ ಗಂಟಲಿನ ಮೇಲೆ ಒಂದು ಕೋಣೆಯನ್ನು ತುಂಬಬೇಕಾದರೆ ಚಮಚದ ಸದ್ದೂ ಇರಬಾರದು.

ಇನ್ನು ಕೊಯಿಂಬ್ರಾ. ಲಿಸ್ಬನ್ನಿನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. 1537ರಿಂದ ಅಲ್ಲೇ ನೆಲೆ ನಿಂತ ವಿಶ್ವವಿದ್ಯಾಲಯದ ಊರು. ಅಲ್ಲೂ ಫಾದೊ ಇದೆ, ಆದರೆ ಬೇರೆ ಥರ. ಹಾಡುವವರು ಗಂಡಸರು, ಹೆಚ್ಚಾಗಿ ವಿದ್ಯಾರ್ಥಿಗಳು ಮತ್ತು ಹಳೇ ವಿದ್ಯಾರ್ಥಿಗಳು. ಮೈ ತುಂಬಾ ಕಪ್ಪು ನಿಲುವಂಗಿ. ಅಲ್ಲೊಂದು ಸಣ್ಣ ಸಭೆಯಲ್ಲಿ ಕೇಳಿಯೇ ಒಂದು ಹಾಡು ರೆಕಾರ್ಡ್ ಮಾಡಿಕೊಂಡೆ. ಒಳ್ಳೇ ಹಾಡು. ಮುಗಿದ ತಕ್ಷಣ ಕೋಣೆಯಲ್ಲಿದ್ದ ಅರ್ಧ ಜನ ಕೆಮ್ಮಿದರು. ಊರಿಗೆಲ್ಲ ನೆಗಡಿಯಾಗಿದೆ, ನನ್ನ ರೆಕಾರ್ಡಿಂಗ್ ಹಾಳಾಯಿತು ಅಂತ ಸಿಟ್ಟೇ ಬಂತು. ಎರಡನೇ ಹಾಡು ಮುಗಿದಾಗಲೂ ಅದೇ. ಆಮೇಲೆ ಪಕ್ಕದಲ್ಲಿದ್ದ ವಿದ್ಯಾರ್ಥಿಯೊಬ್ಬ ತಿಳಿಸಿ ಹೇಳಿದ. ಲಿಸ್ಬನ್ನಿನಲ್ಲಿ ಫಾದೊಗೆ ಚಪ್ಪಾಳೆ ತಟ್ಟುತ್ತಾರೆ. ಕೊಯಿಂಬ್ರಾದ ಹಳೇ ಪದ್ಧತಿಯಲ್ಲಿ ಗಂಟಲು ಸರಿ ಮಾಡಿಕೊಂಡ ಹಾಗೆ ಕೆಮ್ಮುತ್ತಾರೆ. ಅದೇ ಮೆಚ್ಚುಗೆ. ರಾತ್ರಿ ಹೊತ್ತು ಹುಡುಗಿಯರ ಕಿಟಕಿ ಕೆಳಗೆ ನಿಂತು ಹಾಡುತ್ತಿದ್ದವರಿಗೆ ಚಪ್ಪಾಳೆ ಹೊಡೆದರೆ ಬೀದಿಯೆಲ್ಲ ಏಳುತ್ತದೆ, ಅದಕ್ಕೇ ಕೆಮ್ಮು ಅಂತ ಅವನು ಕಾರಣ ಕೊಟ್ಟ. ಆ ರೆಕಾರ್ಡಿಂಗ್ ಇವತ್ತು ತಂದಿದ್ದೇನೆ. ಕೊನೆಗೆ ಕೇಳಿಸುತ್ತೇನೆ.

ಮೌನವಾಗಿ ಕೇಳುವುದೇ ಮರ್ಯಾದೆ ಅಂತ ಪೋರ್ಚುಗಲ್ ನನಗೆ ಕಲಿಸಿತು. ಕೈರೋಗೆ ಹೋದಾಗ ಆ ಪಾಠ ಕೆಲಸಕ್ಕೆ ಬರಲಿಲ್ಲ.

ಕೈರೋದ ಟ್ಯಾಕ್ಸಿ. ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ರೇಡಿಯೋದಲ್ಲಿ ಉಮ್ ಕುಲ್ಸೂಮ್. 1975ರಲ್ಲಿ ತೀರಿಕೊಂಡ ಗಾಯಕಿ, ಇವತ್ತಿಗೂ ಆ ಊರಿನ ಟ್ಯಾಕ್ಸಿಗಳಲ್ಲಿ ಹಾಡುತ್ತಲೇ ಇದ್ದಾರೆ. ಒಂದು ಸಾಲು ಹಾಡಿದರು. ಮತ್ತೆ ಅದೇ ಸಾಲು. ಮತ್ತೆ ಅದೇ. ಹಳೇ ಮುದ್ರಣ, ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅಂದುಕೊಂಡು ಡ್ರೈವರಿಗೆ ಕೈಸನ್ನೆ ಮಾಡಿದೆ. ಅವರು ನಕ್ಕು, ಒಂದು ಬೆರಳು ಮೇಲೆತ್ತಿ "ತಡೀರಿ" ಅನ್ನುವ ಹಾಗೆ ಹಿಡಿದರು. ನಾಲ್ಕನೇ ಸಲ ಅದೇ ಸಾಲು ಬಂದಾಗ ಅದರ ಒಂದು ಪದ ಸಣ್ಣಗೆ ಬಳುಕಿ ಬೇರೆ ಕಡೆ ತಿರುಗಿತು. ರೇಡಿಯೋದೊಳಗೆ ಸಾವಿರಾರು ಜನ ಒಟ್ಟಿಗೆ ಕೂಗಿದರು. ಡ್ರೈವರ್ ಸ್ಟೀರಿಂಗ್ ಬಿಟ್ಟು ಎರಡೂ ಕೈ ಎತ್ತಿದರು. ಗಾಡಿ ನಿಂತೇ ಇತ್ತು, ಪುಣ್ಯ.

ಉಮ್ ಕುಲ್ಸೂಮ್ ದಶಕಗಳ ಕಾಲ ತಿಂಗಳ ಮೊದಲ ಗುರುವಾರ ರಾತ್ರಿ ಕಛೇರಿ ನಡೆಸುತ್ತಿದ್ದರು. ರೇಡಿಯೋದಲ್ಲಿ ಅದು ನೇರವಾಗಿ ಬರುತ್ತಿತ್ತು. ಒಂದೇ ಹಾಡು ಒಂದು ಗಂಟೆ ದಾಟುವುದು ಮಾಮೂಲು. ಅಷ್ಟು ಉದ್ದ ಯಾಕೆ? ಜನ ಕೂಗಿ ಕೇಳಿದರೆ ಅವರು ಆ ಸಾಲಿಗೆ ವಾಪಸ್ ಬರುತ್ತಿದ್ದರು. ಪ್ರತಿ ಸಲ ಚೂರು ಬದಲಾಯಿಸಿ ಹಾಡುತ್ತಿದ್ದರು. ಹಾಡಿನ ಉದ್ದ ಕೇಳುವವರ ಕೈಯಲ್ಲೂ ಇತ್ತು. ಅರಬ್ಬಿಯಲ್ಲಿ ಹೀಗೆ ಒಳಗಿಳಿದು ಕೇಳಬಲ್ಲವರಿಗೆ ಸಮ್ಮೀಅ ಅಂತ ಒಂದು ಹೆಸರೇ ಇದೆ. ಅಂಥವರು ಎದುರಿಗಿಲ್ಲದಿದ್ದರೆ ಹಾಡುವವರಿಗೆ ಅಮಲು ಏರುವುದಿಲ್ಲ ಅನ್ನುತ್ತಾರೆ. ಸಂಗೀತದಿಂದ ಏರುವ ಆ ಅಮಲಿಗೆ ತರಬ್ ಅಂತ ಹೆಸರು.

ಅದೇ ಪದ ಹಿಂದೂ ಮಹಾಸಾಗರದ ಅಂಚಿಗೆ ಇಳಿದು ಜಾಂಜಿಬಾರ್ ದ್ವೀಪದಲ್ಲಿ ತಾರಬ್ ಆಗಿದೆ. ಹೆಸರು ಅರಬ್ಬಿ, ಭಾಷೆ ಸ್ವಾಹಿಲಿ. ವಾದ್ಯಗಳಲ್ಲಿ ಊದ್, ಖಾನೂನ್, ಪಿಟೀಲು, ಅಕಾರ್ಡಿಯನ್ ಎಲ್ಲ ಸೇರಿವೆ. ಹಡಗುಗಳು ಎಲ್ಲೆಲ್ಲಿಂದ ಬಂದವೋ ಅಲ್ಲೆಲ್ಲದರ ರುಚಿ ಇದೆ. ಅಲ್ಲಿನ ಸಿತಿ ಬಿಂತಿ ಸಾದ್ 1928ರಲ್ಲಿ ಹಡಗು ಹತ್ತಿ ಬೊಂಬಾಯಿಗೆ ಹೋಗಿ ಗ್ರಾಮಫೋನ್ ಪ್ಲೇಟಿಗೆ ಹಾಡಿ ಬಂದರು. ಪೂರ್ವ ಆಫ್ರಿಕಾದಲ್ಲಿ ಪ್ಲೇಟಿಗೆ ಹಾಡಿದ ಮೊದಲ ಹೆಂಗಸು ಅಂತ ಅವರ ಹೆಸರಿದೆ. ಅದಕ್ಕೂ ಮುಂಚೆ ಅವರು ಮಡಕೆ ಮಾರುತ್ತಿದ್ದರು.

ನಾನು ತಾರಬ್ ಕೇಳಿದ್ದು ಒಂದು ಮದುವೆ ಮನೆಯಲ್ಲಿ. ಉಳಿದುಕೊಂಡಿದ್ದ ಮನೆಯ ಯಜಮಾನಿ ಕರೆದುಕೊಂಡು ಹೋಗಿದ್ದರು. ಹೆಂಗಸರೇ ತುಂಬಿದ್ದ ಹಜಾರ. ಹಾಡು ನಡೆಯುತ್ತಿದ್ದಾಗ ಒಬ್ಬರು ಎದ್ದು, ಆತುರವಿಲ್ಲದೆ, ಮೈ ತೂಗಿಸಿಕೊಂಡು ಮುಂದೆ ಹೋಗಿ ಗಾಯಕಿಯ ಕೈಗೆ ನೋಟು ಕೊಟ್ಟರು. ಹಾಡು ಹಿಡಿಸಿದೆ ಅಂತ ನಾನು ಅಂದುಕೊಂಡೆ. ಯಜಮಾನಿ ನನ್ನ ಮೊಣಕೈ ತಿವಿದು "ಯಾವ ಸಾಲಿಗೆ ಎದ್ದಳು ನೋಡಿದಿರಾ?" ಅಂದರು. ಹೊಟ್ಟೆಕಿಚ್ಚಿನ ನೆರೆಯವಳನ್ನು ಚುಚ್ಚುವ ಸಾಲಂತೆ ಅದು. ನೋಟು ಕೊಟ್ಟು ವಾಪಸ್ ಬರುವಾಗ ಆಕೆ ಇನ್ನೊಂದು ಮೂಲೆಯಲ್ಲಿ ಕೂತಿದ್ದ ಒಬ್ಬರನ್ನು ನೋಡಿಯೂ ನೋಡದ ಹಾಗೆ ಹಾದು ಹೋದರು. ಹಜಾರದಲ್ಲಿ ಒಂದು ಸಣ್ಣ ಅಲೆ ಎದ್ದಿತು. ಎರಡು ಹಾಡು ಕಳೆದ ಮೇಲೆ ಮೂಲೆಯಲ್ಲಿದ್ದವರು ಎದ್ದರು. ಅವರೂ ತಮಗೆ ಬೇಕಾದ ಸಾಲಿಗೆ ಕಾದಿದ್ದರು. ಜಗಳ ಪೂರ್ತಿಯಾಗಿ ನಡೆಯಿತು. ಯಾರೂ ಒಂದು ಮಾತೂ ಆಡಲಿಲ್ಲ. ವೇದಿಕೆಯನ್ನೇ ನೋಡುತ್ತಾ ಕೂತಿದ್ದರೆ ನನಗೆ ಇದ್ಯಾವುದೂ ಕಾಣುತ್ತಿರಲಿಲ್ಲ. ಒಳ್ಳೇ ಪಿಟೀಲು ಅಂತ ಬರೆದುಕೊಂಡು ಬಂದಿರುತ್ತಿದ್ದೆ.

ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಕೇಳುವವರೇ ಹಾಡಿನ ಸರಕು. ಅಲ್ಲಿ ಅಜ್ಮಾರಿ ಅಂತ ಹಾಡುಗಾರರು. ಕೈಯಲ್ಲಿ ಮಸೆಂಕೊ ಅನ್ನುವ ಒಂದೇ ತಂತಿಯ ವಾದ್ಯ, ಕುದುರೆ ಕೂದಲಿನ ತಂತಿ. ಮೇಜಿಂದ ಮೇಜಿಗೆ ಬಂದು, ನಿಮ್ಮ ಮುಖ ನೋಡಿ, ಆಗಿಂದಾಗಲೇ ಪದ ಕಟ್ಟುತ್ತಾರೆ. ಅವರ ಪದಗಳಿಗೆ ಎರಡು ಅರ್ಥ. ಅದನ್ನು "ಮೇಣ ಮತ್ತು ಚಿನ್ನ" ಅನ್ನುತ್ತಾರೆ. ಅಕ್ಕಸಾಲಿಗ ಮೇಣದಲ್ಲಿ ಅಚ್ಚು ಮಾಡಿ, ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ ಆ ಜಾಗಕ್ಕೆ ಚಿನ್ನ ಹೊಯ್ಯುತ್ತಾನಲ್ಲ, ಅದರಿಂದ ಬಂದ ಮಾತು. ಹೊರಗಿನ ಅರ್ಥ ಮೇಣ, ಒಳಗಿನದು ಚಿನ್ನ. ನನ್ನ ಮುಂದೆ ನಿಂತ ಅಜ್ಮಾರಿ ನನ್ನ ಕನ್ನಡಕ ನೋಡಿ ನಾಲ್ಕು ಸಾಲು ಹಾಡಿದ. ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಪಕ್ಕದವರು ಇಂಗ್ಲಿಷಿನಲ್ಲಿ ಹೇಳಿದರು, "ದೂರದಿಂದ ಬಂದವರು, ಎಲ್ಲವನ್ನೂ ಹತ್ತಿರದಿಂದ ನೋಡುತ್ತಾರೆ ಅಂದ." ಅಷ್ಟಕ್ಕೆ ಇಷ್ಟು ನಗುವೇ? ನನಗೆ ಸಿಕ್ಕಿದ್ದು ಮೇಣ. ಚಿನ್ನ ಏನು ಅಂತ ಎಷ್ಟು ಕೇಳಿದರೂ ಅವರು ಹೇಳಲಿಲ್ಲ.

(ಸಭೆಯಲ್ಲಿ ಒಬ್ಬರು ಇಲ್ಲಿ ಕೇಳಿದರು: "ಪ್ರವಾಸಿಗಳಿಗೆಂದೇ ಮಾಡುವ ಶೋಗಳು?")

ಹೋಗಿದ್ದೇನೆ. ಜಾಸ್ತಿ ಏನೂ ಹೇಳುವುದಿಲ್ಲ. ಒಂದು ದೊಡ್ಡ ಹೋಟೆಲಿನಲ್ಲಿ, ಊಟದ ಜೊತೆ, ಒಂದೂವರೆ ಗಂಟೆಯಲ್ಲಿ ಐದು ಪ್ರಾಂತ್ಯದ ಹಾಡು ಕುಣಿತ. ನುಡಿಸುವವರು ಚೆನ್ನಾಗಿಯೇ ನುಡಿಸಿದರು, ಅವರ ತಪ್ಪೇನಿಲ್ಲ. ಆದರೆ ಸುತ್ತ ನೋಡಿದರೆ ಎಲ್ಲ ನನ್ನಂಥವರೇ. ಎಲ್ಲಿ ತಲೆದೂಗಬೇಕು ಅಂತ ಒಬ್ಬರಿಗೂ ಗೊತ್ತಿಲ್ಲ. ಯಾರ ಮುಖ ನೋಡಿ ಕಲಿಯೋದು?

ಬಾಲಿಯಲ್ಲಿ ಇದಕ್ಕೆ ಸರಿಯಾಗಿ ತಿರುಗುಮುರುಗು. ಅಲ್ಲಿ ದೇವಸ್ಥಾನಗಳಿಗೆ ಒಡಲಾನ್ ಅಂತ ಉತ್ಸವ, ಹೆಚ್ಚಿನ ಕಡೆ 210 ದಿನಕ್ಕೊಮ್ಮೆ. ಗಮೆಲಾನ್ ನುಡಿಸುತ್ತಿದ್ದರು. ಕಂಚಿನ ಪಟ್ಟಿಗಳು, ಗಂಟೆಗಳು, ಮದ್ದಳೆಗಳು, ಇಪ್ಪತ್ತು ಇಪ್ಪತ್ತೈದು ಜನ. ಮೊದಲ ಹತ್ತು ನಿಮಿಷ ನನಗನ್ನಿಸಿದ್ದು "ಶ್ರುತಿ ಸೇರಿಲ್ಲ" ಅಂತ. ಒಂದು ಪಟ್ಟಿ ಬಡಿದರೆ ಸದ್ದು ನಡುಗುತ್ತದೆ. ಎಷ್ಟು ಬೇಗ ತೀರ್ಪು ಕೊಟ್ಟೆ ನೋಡಿ! ಅಲ್ಲಿ ವಾದ್ಯಗಳು ಜೋಡಿ ಜೋಡಿ. ಜೋಡಿಯಲ್ಲಿ ಒಂದನ್ನು ಬೇಕೆಂದೇ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲೆ ಶ್ರುತಿ ಮಾಡುತ್ತಾರೆ. ಎರಡನ್ನೂ ಒಟ್ಟಿಗೆ ಬಡಿದಾಗ ಸದ್ದು ಅಲೆ ಅಲೆಯಾಗಿ ಮಿಡಿಯುತ್ತದೆ. ಅದಕ್ಕೆ ಅವರು ಕೊಟ್ಟ ಹೆಸರೇ ಒಂಬಾಕ್, ಅಂದರೆ ಅಲೆ. ಆ ಅಲೆ ಇಲ್ಲದ ಗಮೆಲಾನ್ ಅವರ ಕಿವಿಗೆ ಸತ್ತ ಲೋಹ. ನಾನು ತಪ್ಪು ಅಂದುಕೊಂಡದ್ದೇ ಅದರ ಜೀವ.

ಅಭ್ಯಾಸದಂತೆ ಕೇಳುವವರನ್ನು ಹುಡುಕಿದೆ. ಯಾರೂ ಇರಲಿಲ್ಲ! ಹೆಂಗಸರು ತಲೆ ಮೇಲೆ ನೈವೇದ್ಯ ಹೊತ್ತು ಓಡಾಡುತ್ತಿದ್ದರು. ಮಕ್ಕಳು ದೊಡ್ಡ ಗಂಟೆಯ ಪಕ್ಕದಲ್ಲೇ ನಿದ್ದೆ ಹೋಗಿದ್ದವು. ಯಾರೂ ಸಾಲಾಗಿ ಕೂತು ಕೇಳುತ್ತಿರಲಿಲ್ಲ. ಒಂದು ತುಂಡು ಮುಗಿದಾಗ ಯಾರೂ ತಿರುಗಿಯೂ ನೋಡಲಿಲ್ಲ. ಆ ಸಂಗೀತ ಕೂತ ಜನರಿಗಾಗಿ ಇರಲೇ ಇಲ್ಲ, ಅದರ ಮುಖ ಗರ್ಭಗುಡಿಯ ಕಡೆಗಿತ್ತು. ಅಲ್ಲಿ ಕೇಳುವ ಸರಿಯಾದ ವಿಧಾನ ಅಂದರೆ ನಾವೂ ಯಾವುದಾದರೂ ಕೆಲಸಕ್ಕೆ ಕೈ ಹಚ್ಚುವುದು. ನಾನೂ ಒಂದಿಷ್ಟು ಬುಟ್ಟಿ ಎತ್ತಿಕೊಟ್ಟೆ. ಬೆನ್ನ ಹಿಂದಿನಿಂದ ಬರುವಾಗ ಗಮೆಲಾನ್ ಇನ್ನೂ ಚೆನ್ನಾಗಿ ಕೇಳುತ್ತದೆ.

ಇಷ್ಟು ದೂರ ಹೋಗದೆಯೂ ಇಂಥದು ಆಗಬಹುದು. 1889ರ ಪ್ಯಾರಿಸ್ ಮಹಾ ವಸ್ತುಪ್ರದರ್ಶನಕ್ಕೆ ಜಾವಾದ ಗಮೆಲಾನ್ ಬಂದಿತ್ತು. ಅದೇ ಊರಿನಲ್ಲಿದ್ದ ಫ್ರೆಂಚ್ ಸಂಗೀತ ರಚನೆಕಾರ ಡೆಬುಸ್ಸಿ ಅಲ್ಲಿ ಹೋಗಿ ಕೇಳಿದರು. ಆಗ ಅವರಿಗೆ ಇಪ್ಪತ್ತಾರೋ ಇಪ್ಪತ್ತೇಳೋ. 1903ರಲ್ಲಿ ಅವರು ಬರೆದ ಪಿಯಾನೊ ತುಣುಕಿನಲ್ಲಿ ಆ ಕಂಚಿನ ಗುಂಗು ಕೇಳುತ್ತದೆ. ಹದಿನಾಲ್ಕು ವರ್ಷ ಕಿವಿಯಲ್ಲೇ ಇಟ್ಟುಕೊಂಡಿದ್ದರು. ನಾವು ವಿಮಾನ ಇಳಿಯುವ ಮೊದಲೇ ಪ್ಲೇಲಿಸ್ಟ್ ಮಾಡಿ ಹಂಚಿಬಿಡುತ್ತೇವೆ, ಅಲ್ವಾ?

ಜಪಾನಿನ ಜಾಜ್ ಕಿಸ್ಸಾಗಳ ಬಗ್ಗೆ ಎರಡೇ ಮಾತು. ಇವು ಕಾಫಿ ಕುಡಿಯುತ್ತಾ ಜಾಜ್ ಪ್ಲೇಟು ಕೇಳುವ ಪುಟ್ಟ ಅಂಗಡಿಗಳು. ಯೊಕೊಹಾಮಾದ ಚಿಗುಸಾ 1933ರಲ್ಲೇ ಶುರುವಾಗಿತ್ತು. ಆಮದು ಪ್ಲೇಟು, ಒಳ್ಳೇ ಸ್ಪೀಕರು ಮನೆಯಲ್ಲಿ ಇಟ್ಟುಕೊಳ್ಳಲು ಆಗದ ಕಾಲದಲ್ಲಿ ಜನ ಅಲ್ಲಿಗೆ ಹೋಗಿ ಕೇಳುತ್ತಿದ್ದರು. ಕೆಲವು ಕಿಸ್ಸಾಗಳಲ್ಲಿ ಮಾತಾಡುವ ಹಾಗೇ ಇಲ್ಲ. ಅಲ್ಲಿ ಕೇಳುವ ಸಂಗೀತ ಅಮೆರಿಕದ್ದು, ಎಲ್ಲಾದರೂ ಸಿಗುತ್ತದೆ. ನಾನು ಮೊದಲೇ ನೂರು ಸಲ ಕೇಳಿದ್ದ ಒಂದು ಪ್ಲೇಟನ್ನೇ ಹಾಕಿದ್ದರು. ಎದುರಿಗೆ ಕೂತ ಒಬ್ಬರು ಡಬಲ್ ಬಾಸಿನ ಒಂದೊಂದು ಹೆಜ್ಜೆಗೂ ಮೇಜಿನ ಮೇಲೆ ಬೆರಳು ಇಡುತ್ತಿದ್ದರು, ಸದ್ದಾಗದ ಹಾಗೆ. ಆ ಪ್ಲೇಟಿನಲ್ಲಿ ಬಾಸ್ ಇದೆ ಅನ್ನುವುದು ನನಗೆ ಅವತ್ತು ಗೊತ್ತಾಯಿತು.

ಇನ್ನು ಐರ್ಲೆಂಡ್. ಪಶ್ಚಿಮದ ಕ್ಲೇರ್ ಪ್ರಾಂತ್ಯದಲ್ಲಿ ಮಿಲ್ಟೌನ್ ಮಾಲ್ಬೇ ಅನ್ನುವ ಸಣ್ಣ ಊರಿದೆ. ವಿಲ್ಲಿ ಕ್ಲಾನ್ಸಿ ಅನ್ನುವ ಪೈಪ್ ವಾದಕರ ಊರು. ಅವರು ತೀರಿಕೊಂಡ 1973ರಲ್ಲೇ ಅವರ ಹೆಸರಿನಲ್ಲಿ ಶುರುವಾದ ಬೇಸಿಗೆ ಶಿಬಿರ ಈಗಲೂ ಜುಲೈನಲ್ಲಿ ನಡೆಯುತ್ತದೆ. ಆ ವಾರ ಪಬ್ಬುಗಳಲ್ಲಿ ಹಗಲು ರಾತ್ರಿ ಸೆಷನ್. ಮೇಜಿನ ಸುತ್ತ ನುಡಿಸುವವರು ಒಬ್ಬರಿಗೊಬ್ಬರು ಮುಖ ಮಾಡಿ ಕೂತಿರುತ್ತಾರೆ. ನಮಗೆ ಕಾಣುವುದು ಬೆನ್ನು. ಅಲ್ಲಿ ಮೊದಲ ಕೇಳುಗರು ಅವರೇ. ಒಂದು ಟ್ಯೂನನ್ನು ಎರಡು ಮೂರು ಸಲ ನುಡಿಸಿ, ಒಬ್ಬರು ಕಣ್ಣೆತ್ತಿದರೆ ಸಾಕು, ಎಲ್ಲರೂ ಒಟ್ಟಿಗೆ ಇನ್ನೊಂದಕ್ಕೆ ಹಾರುತ್ತಾರೆ. ಪಿಟೀಲಿನವರೊಬ್ಬರನ್ನು ಟ್ಯೂನಿನ ಹೆಸರೇನು ಅಂತ ಕೇಳಿದೆ. "ಹೆಸರು ಗೊತ್ತಿಲ್ಲ, ನಮ್ಮ ಚಿಕ್ಕಪ್ಪ ನುಡಿಸುತ್ತಿದ್ದರು" ಅಂದರು. ಹೆಸರಿಗಿಂತ ಅದು ಯಾರಿಂದ ಬಂತು ಅನ್ನುವುದು ಅಲ್ಲಿ ದೊಡ್ಡದು.

ಅದೇ ಪಬ್ಬಿನಲ್ಲಿ ಮಧ್ಯರಾತ್ರಿ ಹೊತ್ತಿಗೆ ಯಾರೋ "ಶ್ಶ್" ಅಂದರು. ಮುದುಕರೊಬ್ಬರು ಕೂತಲ್ಲೇ ಕಣ್ಣು ಮುಚ್ಚಿ ಹಾಡಲು ಶುರು ಮಾಡಿದರು. ವಾದ್ಯವಿಲ್ಲ, ತಾಳವಿಲ್ಲ. ಐರಿಷ್ ಭಾಷೆಯಲ್ಲಿ ಶಾನ್ ನೋಸ್ ಅನ್ನುವ ಹಳೇ ಶೈಲಿ. ಪಕ್ಕದಲ್ಲಿದ್ದವರು ಅವರ ಕೈ ಹಿಡಿದುಕೊಂಡರು. ಹಾಡು ಸಾಗಿದಂತೆ ಹಿಡಿದ ಕೈಗಳು ನಿಧಾನವಾಗಿ, ಬಾವಿ ರಾಟೆ ತಿರುಗಿದ ಹಾಗೆ, ಸುತ್ತತೊಡಗಿದವು. ಹಾಡು ಯಾರು ಹಾಡುತ್ತಿದ್ದಾರೆ, ಯಾರು ಕೇಳುತ್ತಿದ್ದಾರೆ ಅಂತ ಆ ಕೈಗಳನ್ನು ನೋಡಿ ಹೇಳಲು ಆಗುತ್ತಿರಲಿಲ್ಲ. ನನ್ನ ಫೋನ್ ಜೇಬಿನಲ್ಲೇ ಇತ್ತು. ಅದು ನೆನಪಾದದ್ದು ಹೊರಗೆ ಬಂದ ಮೇಲೆ.

ಸಾಕು ನನ್ನ ಮಾತು. ಹೇಳಿದ್ದೆನಲ್ಲ, ಕೊಯಿಂಬ್ರಾದ ರೆಕಾರ್ಡಿಂಗ್ ಹಾಕುತ್ತೇನೆ. ನಾಲ್ಕು ನಿಮಿಷ ಇದೆ. ಕೊನೆಯ ಕೆಮ್ಮನ್ನು ಕತ್ತರಿಸಿಲ್ಲ.

(ರೆಕಾರ್ಡಿಂಗ್ ಹಾಕಿದೆ. ನಾನು ಸ್ಪೀಕರಿನ ಪಕ್ಕ ನಿಂತು ಸಭೆಯ ಕಡೆ ನೋಡುತ್ತಿದ್ದೆ. ಮೂರನೇ ಸಾಲಿನಲ್ಲಿದ್ದ ಹುಡುಗನೊಬ್ಬ ಫೋನ್ ತೆಗೆದು, ಏನೋ ಒತ್ತಿ, ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡ. ಹಾಡು ಮುಗಿಯಿತು. ಕೊಯಿಂಬ್ರಾದವರು ಕೆಮ್ಮಿದರು. ಒಂದು ಕ್ಷಣ ಬಿಟ್ಟು, ನಮ್ಮ ಸಭೆಯ ಹಿಂದಿನ ಸಾಲಿನಿಂದ ಇನ್ನೊಂದು ಕೆಮ್ಮು ಬಂತು. ಮೆಚ್ಚುಗೆಯೋ ನೆಗಡಿಯೋ, ಕೇಳಲು ಹೋಗಲಿಲ್ಲ.)